ಮನೆಯಲ್ಲೇ ಬೈಕ್ ಎಂಜಿನ್ ರಿಪೇರಿ: ಪಿಸ್ಟನ್, ರಿಂಗ್, ವಾಲ್ವ್ ಕೆಲಸದ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಎಂಜಿನ್ ಬಿಚ್ಚಿದವರು ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ. ಹೊಸ ಪಿಸ್ಟನ್ ಹಾಕಿದೆ, ಹೊಸ ರಿಂಗ್ ಹಾಕಿದೆ, ಎರಡು ತಿಂಗಳಾಗುವಷ್ಟರಲ್ಲಿ ಮತ್ತೆ ಹೊಗೆ. ಏನೇನು ಮಾಡಿದಿರಿ ಎಂದು ಕೇಳುತ್ತಾ ಹೋದರೆ ಬಿಚ್ಚಿದ್ದೂ ಸರಿ, ಕಟ್ಟಿದ್ದೂ ಸರಿ. ನಡುವೆ ಆಗಬೇಕಿದ್ದ ಎರಡು ಕೆಲಸ ಮಾತ್ರ ಬಿಟ್ಟುಹೋಗಿರುತ್ತವೆ: ಅಳೆಯುವುದು ಮತ್ತು ತೊಳೆಯುವುದು. ಸ್ಪ್ಯಾನರ್ ಹಿಡಿದು ಮಾಡುವ ಕೆಲಸ ಇಡೀ ರಿಪೇರಿಯ ಅರ್ಧ ಭಾಗವೂ ಅಲ್ಲ. ಅದಕ್ಕೇ ಈ ಬರಹದಲ್ಲಿ ಅಳತೆಗೂ ಶುಚಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದು ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ, ನಾಲ್ಕು ಸ್ಟ್ರೋಕ್ ಎಂಜಿನ್ನಿನ ಮೇಲ್ಭಾಗದ ಕೆಲಸ. ಅಂದರೆ ಹೆಡ್, ವಾಲ್ವ್, ಸಿಲಿಂಡರ್, ಪಿಸ್ಟನ್ ಮತ್ತು ರಿಂಗ್. ಕ್ರ್ಯಾಂಕ್, ಗೇರ್‌ಬಾಕ್ಸ್ ಇರುವ ಕೆಳಭಾಗವನ್ನು ಮೊದಲ ಪ್ರಯತ್ನದಲ್ಲೇ ತೆರೆಯಬೇಡಿ. ಅದಕ್ಕೆ ಪ್ರೆಸ್, ಪುಲ್ಲರ್, ಕ್ರ್ಯಾಂಕ್ ನೇರ ಮಾಡುವ ಅನುಭವ ಎಲ್ಲವೂ ಬೇಕು.

## 1. ಬಿಚ್ಚುವ ಮುನ್ನ ಕಾಯಿಲೆ ಗುರುತಿಸಿ

ಹೊಗೆ ಬಂದ ಮಾತ್ರಕ್ಕೆ ಪಿಸ್ಟನ್ ಹೋಯಿತು ಎಂದುಕೊಳ್ಳಬೇಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಭಕ್ ಎಂದು ನೀಲಿ ಹೊಗೆ ಬಂದು ಆಮೇಲೆ ನಿಂತರೆ, ಅಥವಾ ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟು ಮತ್ತೆ ಕೊಟ್ಟಾಗ ಬಂದರೆ, ಮೊದಲ ಅನುಮಾನ ವಾಲ್ವ್ ಸೀಲ್ ಮತ್ತು ವಾಲ್ವ್ ಗೈಡ್ ಮೇಲೆ. ಎಳೆತದಲ್ಲಿ ಬಿಡದೆ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ಮತ್ತು ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿದೆ ಎಂಬುದರ ಗುರುತು, ಅದಕ್ಕೆ ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ.

ಕಂಪ್ರೆಶನ್ ಗೇಜ್ ತನ್ನಿ. ಎಂಜಿನ್ ಬಿಸಿ ಮಾಡಿ, ಸ್ಪಾರ್ಕ್ ಪ್ಲಗ್ ತೆಗೆದು, ಆ ಜಾಗದಲ್ಲಿ ಗೇಜ್ ಕೂರಿಸಿ. ಪ್ಲಗ್ ಅನ್ನು ಅದರ ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್ ಲೋಹಕ್ಕೆ ತಾಗಿಸಿಡಿ. ಸ್ಪಾರ್ಕ್‌ಗೆ ದಾರಿ ಇಲ್ಲದಿದ್ದರೆ ಕಿಡಿ ಹೊಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸಿಡಿಐ, ಕೆಡಬಹುದು. ಕಿಡಿ ತೂತಿನ ಹತ್ತಿರವಿದ್ದರೆ ಹೊರಬರುವ ಪೆಟ್ರೋಲ್ ಆವಿಗೆ ಬೆಂಕಿ ಹೊತ್ತಬಹುದು. ಥ್ರಾಟಲ್ ಪೂರ್ತಿ ತೆರೆದು ಹಿಡಿದು ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಅಥವಾ ಸೆಲ್ಫ್ ಹೊಡೆಯಿರಿ. ಥ್ರಾಟಲ್ ಮುಚ್ಚಿಟ್ಟು ಅಳೆದು, ಕಂಪ್ರೆಶನ್ ಇಲ್ಲ ಎಂದು ತೀರ್ಮಾನಿಸಿ ಸರಿಯಿದ್ದ ಎಂಜಿನ್ ಬಿಚ್ಚಿದವರಿದ್ದಾರೆ.

ಓದಿದ ಅಂಕಿ ಕಡಿಮೆ ಇದ್ದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ಆಯಿಲ್ ರಿಂಗ್‌ಗಳ ಸಂದು ಮುಚ್ಚಿದೆ ಎಂದರ್ಥ, ದೋಷ ರಿಂಗ್ ಅಥವಾ ಬೋರ್‌ನಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು. ಅದಕ್ಕೂ ಮೊದಲು ಟ್ಯಾಪೆಟ್ ಸಂದು, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು ನೋಡಿ. ಸಂದೇ ಇಲ್ಲದೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಕಂಪ್ರೆಶನ್ ಸೋರುವುದು ಬಹಳ ಸಾಮಾನ್ಯ, ಹತ್ತು ನಿಮಿಷದ ಕೆಲಸ. ಕ್ಯಾಮ್‌ನಲ್ಲಿ ಡಿಕಂಪ್ರೆಸರ್ (ಸ್ಟಾರ್ಟ್ ಸುಲಭವಾಗಲೆಂದು ವಾಲ್ವ್ ಅನ್ನು ಸ್ವಲ್ಪ ತೆರೆದಿಡುವ ಸಾಧನ) ಇರುವ ಎಂಜಿನ್‌ಗಳು ಸಹಜವಾಗಿಯೇ ಕಡಿಮೆ ತೋರಿಸುತ್ತವೆ. ಹಾಗಾಗಿ ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ಹೇಳುವ ಅಂಕಿಯ ಜೊತೆಗೇ ಹೋಲಿಸಿ. ಆಯಿಲ್ ಬಿಡುವ ಮೊದಲಿನ ಮತ್ತು ನಂತರದ ಎರಡೂ ಅಂಕಿಗಳನ್ನು ಬರೆದಿಟ್ಟುಕೊಳ್ಳಿ.

## 2. ಕೈಯಲ್ಲಿ ಏನೇನಿರಬೇಕು

ಎಲ್ಲಕ್ಕಿಂತ ಮೊದಲು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್. ಬೈಕ್ ಜೊತೆ ಬರುವ ಮಾಲೀಕರ ಪುಸ್ತಕ ಅಲ್ಲ, ಮೆಕ್ಯಾನಿಕ್‌ಗೆಂದು ಮಾಡಿದ ಪುಸ್ತಕ. ಟಾರ್ಕ್, ಸಂದಿನ ಅಳತೆ, ಸವೆತದ ಮಿತಿ, ಬಿಚ್ಚುವ ಕ್ರಮ ಎಲ್ಲ ಅದರಲ್ಲಿರುತ್ತದೆ. ಅದು ಸಿಗದಿದ್ದರೆ ಕೆಲಸ ಮುಂದೂಡಿ. ಇದೇ ತರಹದ ಇನ್ನೊಂದು ಬೈಕ್‌ನ ಅಂಕಿ ಸಾಕು ಎನ್ನುವವರ ಮಾತು ಕೇಳಬೇಡಿ.

ಟಾರ್ಕ್ ರೆಂಚ್‌ನ ವ್ಯಾಪ್ತಿ ನೋಡಿ ಕೊಳ್ಳಿ. ಕಾರಿನ ಚಕ್ರಕ್ಕೆ ಬಳಸುವ ದೊಡ್ಡ ರೆಂಚ್ 10 ನ್ಯೂಟನ್ ಮೀಟರ್‌ನ ಸಣ್ಣ ಬೋಲ್ಟ್‌ಗೆ ಪ್ರಯೋಜನವಿಲ್ಲ. ಫೀಲರ್ ಗೇಜ್, ವಾಲ್ವ್ ಸ್ಪ್ರಿಂಗ್ ಒತ್ತುವ ಕ್ಲ್ಯಾಂಪ್, ನೇರ ಅಂಚಿನ ಉಕ್ಕಿನ ಪಟ್ಟಿ, ರಬ್ಬರ್ ಸುತ್ತಿಗೆ, ಮ್ಯಾನ್ಯುಯಲ್ ಹೇಳುವ ಪುಲ್ಲರ್ ಇದ್ದರೆ ಅದೂ ಬೇಕು. ಜಪಾನೀ ವಿನ್ಯಾಸದ ಎಂಜಿನ್‌ಗಳ ಪ್ಲಸ್ ಸ್ಕ್ರೂಗಳು ಸಾಮಾನ್ಯ ಫಿಲಿಪ್ಸ್ ಅಲ್ಲ, ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಮಾದರಿಯವು. ಸಾಮಾನ್ಯ ಸ್ಕ್ರೂಡ್ರೈವರ್ ಅವುಗಳ ತಲೆಯಿಂದ ಜಾರಿ ಮೂಲೆಗಳನ್ನು ತಿನ್ನುತ್ತದೆ. ಜೆಐಎಸ್ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರ್ ಒಂದಿದ್ದರೆ ಅರ್ಧ ತಲೆನೋವು ತಪ್ಪುತ್ತದೆ.

ಬೋರ್ ಗೇಜ್ ಮತ್ತು ಮೈಕ್ರೋಮೀಟರ್ ಎಲ್ಲರ ಬಳಿ ಇರುವುದಿಲ್ಲ. ಎರವಲು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಸಿಲಿಂಡರ್ ಮತ್ತು ಪಿಸ್ಟನ್ ಎರಡನ್ನೂ ಲೇತ್ ವರ್ಕ್‌ಶಾಪ್‌ಗೆ ಒಯ್ದು ಅಳೆಸಿ. ವರ್ನಿಯರ್‌ನಲ್ಲಿ ಬೋರ್ ಅಳೆದು ನಿರ್ಧಾರಕ್ಕೆ ಬರುವುದು ಮಾತ್ರ ಬೇಡ.

ಪೂರ್ತಿ ಗ್ಯಾಸ್ಕೆಟ್ ಸೆಟ್, ವಾಲ್ವ್ ಸೀಲ್, ಓ-ರಿಂಗ್, ಗುಡ್ಜನ್ ಪಿನ್‌ನ (ಪಿಸ್ಟನ್ ಅನ್ನು ಕನೆಕ್ಟಿಂಗ್ ರಾಡ್‌ಗೆ ಜೋಡಿಸುವ ಪಿನ್) ಹೊಸ ಸರ್ಕ್ಲಿಪ್, ಅಂದರೆ ಆ ಪಿನ್ ಜಾರದಂತೆ ತಡೆಯುವ ಸ್ಪ್ರಿಂಗ್ ಕ್ಲಿಪ್, ಮೊದಲೇ ತಂದಿಡಿ. ಪಿಸ್ಟನ್ ಮತ್ತು ರಿಂಗ್ ಮಾತ್ರ ಈಗಲೇ ಕೊಳ್ಳಬೇಡಿ. ಯಾವ ಅಳತೆಯದು ಬೇಕು ಎಂಬುದು ಬೋರ್ ಅಳೆದ ಮೇಲಷ್ಟೇ ಗೊತ್ತಾಗುವುದು.

## 3. ಜಾಗ ಮತ್ತು ಸಿದ್ಧತೆ

ಬೈಕ್ ಅನ್ನು ಬಿಚ್ಚುವ ಮೊದಲು ತೊಳೆಯಿರಿ, ಅದರಲ್ಲೂ ಸಿಲಿಂಡರ್ ಬುಡ ಮತ್ತು ಸ್ಟಡ್‌ಗಳ ಸುತ್ತ. ಅಲ್ಲಿ ಗಟ್ಟಿಯಾಗಿ ಕೂತ ಮಣ್ಣು ಸಿಲಿಂಡರ್ ಎತ್ತಿದ ಕ್ಷಣ ಕ್ರ್ಯಾಂಕ್‌ಕೇಸ್ ಒಳಗೆ ಬೀಳುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ, ಪೆಟ್ರೋಲ್ ಟ್ಯಾಂಕ್ ತೆಗೆದು ಬೇರೆ ಕಡೆ ಇಡಿ, ಆಯಿಲ್ ಇಳಿಸಿ. ಇಳಿಸಿದ ಆಯಿಲ್ ಅನ್ನು ಬೆಳಕಿಗೆ ಹಿಡಿದು ನೋಡಿ. ಬೆಳ್ಳಿಯಂತೆ ಹೊಳೆಯುವ ಸಣ್ಣ ಪುಡಿ ಅಲ್ಯೂಮಿನಿಯಂ. ಅಯಸ್ಕಾಂತಕ್ಕೆ ಅಂಟುವ ಚೂರುಗಳು ಕಂಡರೆ ಬೇರಿಂಗ್ ಅಥವಾ ಗೇರ್ ಕಡೆಯ ಸುದ್ದಿ, ಅಂಥ ಎಂಜಿನ್ನಿಗೆ ಮೇಲ್ಭಾಗದ ಕೆಲಸ ಮಾತ್ರ ಸಾಲದು.

ಬಿಚ್ಚಿದ ಬೋಲ್ಟ್‌ಗಳಿಗೆ ಒಂದು ಉಪಾಯ: ರಟ್ಟಿನ ಮೇಲೆ ಹೆಡ್ ಮತ್ತು ಕವರ್‌ಗಳ ಆಕಾರ ಬರೆದು, ಬೋಲ್ಟ್ ಇದ್ದ ಜಾಗದಲ್ಲೇ ತೂತು ಮಾಡಿ ಸಿಕ್ಕಿಸಿಡಿ. ಉದ್ದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ಅಲ್ಯೂಮಿನಿಯಂ ಸೀಳುತ್ತದೆ. ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಒಂದು ತಿಂಗಳು ಬಿಡಿಭಾಗಕ್ಕೆ ಕಾದು ಕುಳಿತ ಮೇಲೆ ನೆನಪು ಕೈಕೊಡುತ್ತದೆ.

## 4. ಹೆಡ್ ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಬಿಸಿ ಹೆಡ್ ಸಡಿಲಿಸಿದರೆ ಸೊಟ್ಟಗಾಗುತ್ತದೆ.

ಮೊದಲು ಪಿಸ್ಟನ್ ಅನ್ನು ಕಂಪ್ರೆಶನ್ ಸ್ಟ್ರೋಕ್‌ನ ತುದಿಗೆ, ಅಂದರೆ ಟಿಡಿಸಿಗೆ ತನ್ನಿ. ಕ್ರ್ಯಾಂಕ್ ನಟ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿಗೇ ತಿರುಗಿಸುತ್ತಾ, ಫ್ಲೈವೀಲ್ ಮೇಲಿನ 'ಟಿ' ಗುರುತು ಕಿಂಡಿಯಲ್ಲಿ ಕವಚದ ಗೀಟಿಗೆ ಸರಿಹೊಂದಿಸಿ. ಈ ಗುರುತು ಎರಡು ಸುತ್ತಿಗೆ ಎರಡು ಸಲ ಬರುತ್ತದೆ, ಸರಿಯಾದದ್ದು ಒಂದೇ. ಎರಡೂ ರಾಕರ್‌ಗಳನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ: ಎರಡೂ ಸ್ವಲ್ಪ ಸಡಿಲವಾಗಿದ್ದರೆ ಸರಿ, ಬಿಗಿಯಾಗಿದ್ದರೆ ಇನ್ನೊಂದು ಸುತ್ತು ತಿರುಗಿಸಿ.

ಈಗ ಚೈನ್ ಟೆನ್ಷನರ್ ತೆಗೆಯಿರಿ, ಆಮೇಲೆ ಕ್ಯಾಮ್ ಸ್ಪ್ರಾಕೆಟ್. ಈ ಕ್ರಮ ತಪ್ಪಬಾರದು. ಸ್ಪ್ರಾಕೆಟ್ ಕಳಚುವ ಮುನ್ನವೇ ಟೈಮಿಂಗ್ ಚೈನ್‌ಗೆ ತಂತಿ ಕಟ್ಟಿ ಫ್ರೇಮ್‌ಗೆ ಬಿಗಿಯಿರಿ, ಇಲ್ಲದಿದ್ದರೆ ಅದು ಕೆಳಗೆ ಜಾರಿಹೋಗುತ್ತದೆ.

ಹೆಡ್‌ನ ಪಕ್ಕದಲ್ಲಿರುವ ಸಣ್ಣ ಬೋಲ್ಟ್‌ಗಳನ್ನು ಮೊದಲು ತೆಗೆಯಿರಿ. ಬಹಳ ಜನ ಇವನ್ನು ಮರೆತು ಹೆಡ್ ಏಕೆ ಬರುತ್ತಿಲ್ಲ ಎಂದು ಬಲ ಹಾಕುತ್ತಾರೆ. ಬಳಿಕ ನಾಲ್ಕು ದೊಡ್ಡ ನಟ್‌ಗಳನ್ನು ಅಡ್ಡಡ್ಡವಾಗಿ, ಒಂದೊಂದು ಸಲಕ್ಕೆ ಕಾಲು ಸುತ್ತಿನಷ್ಟೇ ಸಡಿಲಿಸುತ್ತಾ ಬನ್ನಿ. ಹೆಡ್ ಅಂಟಿಕೊಂಡಿದ್ದರೆ ಗಟ್ಟಿ ಭಾಗ ನೋಡಿ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ತಣಿಸುವ ರೆಕ್ಕೆಗಳಿಗೆ ಹೊಡೆಯಬೇಡಿ, ಮುರಿಯುತ್ತವೆ. ಗ್ಯಾಸ್ಕೆಟ್ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಎಬ್ಬಿಸುವುದಂತೂ ಬೇಡವೇ ಬೇಡ. ಅಲ್ಲಿ ಬಿದ್ದ ಒಂದು ಗೀರು ಮುಂದೆ ಆಯಿಲ್ ಸೋರುವ ದಾರಿ.

## 5. ಸಿಲಿಂಡರ್ ಮತ್ತು ಪಿಸ್ಟನ್ ಹೊರಗೆ

ಸಿಲಿಂಡರ್ ಅನ್ನು ನೇರವಾಗಿ ಮೇಲಕ್ಕೆ ಎತ್ತಿ. ಪಿಸ್ಟನ್‌ನ ಕೆಳ ಅಂಚು ಕಾಣುತ್ತಿದ್ದಂತೆ ನಿಲ್ಲಿಸಿ, ಕ್ರ್ಯಾಂಕ್‌ಕೇಸ್ ಬಾಯಿಗೆ ಶುಭ್ರವಾದ, ನೂಲು ಬಿಡದ ಬಟ್ಟೆ ತುಂಬಿ. ಆಮೇಲಷ್ಟೇ ಪೂರ್ತಿ ಎಳೆಯಿರಿ. ಇನ್ನೊಬ್ಬರು ಪಿಸ್ಟನ್ ಹಿಡಿದುಕೊಳ್ಳಲಿ, ಅದು ವಾಲಿ ಕೇಸ್‌ಗೆ ಬಡಿಯಬಾರದು.

ಬಟ್ಟೆ ತುಂಬುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನನ್ನ ಮೊದಲ ಎಂಜಿನ್‌ನಲ್ಲಿ ಸರ್ಕ್ಲಿಪ್ ಚಿಮ್ಮಿ ಕ್ರ್ಯಾಂಕ್ ಪಕ್ಕದ ಸಂದಿಗೆ ಇಳಿಯಿತು. ಅಯಸ್ಕಾಂತ ಕಟ್ಟಿದ ಕಡ್ಡಿಯಿಂದ ಅದನ್ನು ಹೊರತೆಗೆಯಲು ಒಂದು ಇಡೀ ಸಂಜೆ ಹಿಡಿಯಿತು. ಸಿಗದೇ ಹೋಗಿದ್ದರೆ ಎಂಜಿನ್ ಪೂರ್ತಿ ಸೀಳಬೇಕಾಗುತ್ತಿತ್ತು.

ಸರ್ಕ್ಲಿಪ್ ತೆಗೆದು ಪಿನ್ ಅನ್ನು ಕೈಯಿಂದ ತಳ್ಳಿ. ಬರದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಿಸ್ಟನ್‌ಗೆ ಸುತ್ತಿ, ಅಲ್ಯೂಮಿನಿಯಂ ಹಿಗ್ಗಿ ಪಿನ್ ಸಡಿಲವಾಗುತ್ತದೆ. ಸುತ್ತಿಗೆಯಿಂದ ಹೊಡೆದರೆ ಪೆಟ್ಟು ಕನೆಕ್ಟಿಂಗ್ ರಾಡ್‌ಗೆ ಬೀಳುತ್ತದೆ.

ಪಿಸ್ಟನ್ ಬಂದ ಮೇಲೆ ರಾಡ್ ಹಿಡಿದು ನೇರ ಮೇಲೆ-ಕೆಳಗೆ ಎಳೆದು ತಳ್ಳಿ ನೋಡಿ. ಪಕ್ಕಕ್ಕೆ ಸ್ವಲ್ಪ ಅಲ್ಲಾಡುವುದು ಸಹಜ. ಮೇಲೆ-ಕೆಳಗೆ 'ಟಕ್' ಎಂದು ಕೈಗೆ ತಾಗಿದರೆ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯ ಬಿಗ್ ಎಂಡ್ ಬೇರಿಂಗ್ ಹೋಗಿದೆ. ಇಲ್ಲಿಗೆ ಮನೆಯ ಕೆಲಸ ನಿಲ್ಲಿಸಿ. ಹೊಸ ಪಿಸ್ಟನ್‌ನ ಬಲವಾದ ಕಂಪ್ರೆಶನ್ ಆ ಬೇರಿಂಗನ್ನು ಇನ್ನಷ್ಟು ಬೇಗ ಮುಗಿಸುತ್ತದೆ.

## 6. ಹಳೆಯ ಪಿಸ್ಟನ್ ಏನು ಹೇಳುತ್ತಿದೆ

ಹಳೆಯದನ್ನು ಗುಜರಿಗೆ ಎಸೆಯುವ ಮುನ್ನ ಅದರ ಮುಂದೆ ಅರ್ಧ ಗಂಟೆ ಕೂರಿ. ಅದು ಏಕೆ ಸವೆಯಿತು ಎಂದು ತಿಳಿಯದೆ ಹೊಸದನ್ನು ಹಾಕಿದರೆ ಹೊಸದಕ್ಕೂ ಅದೇ ಗತಿ.

ಪಿಸ್ಟನ್ ಪಕ್ಕಗಳೂ ಬೋರ್ ಕೂಡ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ, ರಿಂಗ್‌ಗಳು ಕತ್ತಿಯಂತೆ ತೆಳ್ಳಗಾಗಿದ್ದರೆ ಧೂಳು ಒಳಹೋಗಿದೆ. ಏರ್ ಫಿಲ್ಟರ್, ಅದರ ಪೆಟ್ಟಿಗೆಯ ಮುಚ್ಚಳ, ಕಾರ್ಬುರೇಟರ್‌ವರೆಗಿನ ರಬ್ಬರ್ ಕೊಳವೆ, ಅದರ ಕ್ಲಿಪ್ ಎಲ್ಲ ನೋಡಿ. ಕೊಳವೆಯ ಒಳಗೆ ಬೆರಳಾಡಿಸಿ, ಮಣ್ಣು ಅಂಟಿದರೆ ಕಳ್ಳ ಸಿಕ್ಕಿಬಿದ್ದ.

ಪಿಸ್ಟನ್ ಮೈಮೇಲೆ ಉದ್ದುದ್ದ ಕಿತ್ತುಬಂದ ಗೆರೆಗಳಿದ್ದರೆ ಅದು ಸೀಜ್ ಆದ ಗುರುತು. ಕಾರಣ ಆಯಿಲ್ ಕೊರತೆ ಇರಬಹುದು, ಅತಿಯಾದ ಬಿಸಿ ಇರಬಹುದು, ಕಡಿಮೆ ಸಂದಿಟ್ಟು ಬೋರ್ ಮಾಡಿದ್ದಿರಬಹುದು. ಆಯಿಲ್ ಪಂಪ್ ಮತ್ತು ಜಾಲರಿ ನೋಡದೆ ಮುಂದೆ ಹೋಗಬೇಡಿ. ಪಿಸ್ಟನ್ ನೆತ್ತಿಯ ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳಿದ್ದರೆ ಡಿಟೊನೇಶನ್, ಅಂದರೆ ಮಿಶ್ರಣ ಒಮ್ಮೆಲೇ ಸ್ಫೋಟಿಸಿ ಗುದ್ದಿದೆ. ಮಿಶ್ರಣ ತೆಳುವಾಗಿದೆಯೇ, ಟೈಮಿಂಗ್ ಮುಂದಾಗಿದೆಯೇ, ಇಂಗಾಲ ದಪ್ಪಗೆ ಕೂತು ಕಂಪ್ರೆಶನ್ ಹೆಚ್ಚಿಸಿದೆಯೇ ನೋಡಬೇಕು. ರಿಂಗ್‌ಗಳು ತೋಡಿನಲ್ಲಿ ಇಂಗಾಲದಿಂದ ಅಂಟಿ ಅಲ್ಲಾಡದಿದ್ದರೆ, ಹಳೆಯ ಆಯಿಲ್‌ನಲ್ಲೇ ಬಹಳ ದಿನ ಓಡಿದೆ.

## 7. ಅಳತೆ: ಇಡೀ ರಿಪೇರಿ ನಿಂತಿರುವುದು ಇಲ್ಲಿ

ಹೊಸ ಸಣ್ಣ ಎಂಜಿನ್‌ಗಳಲ್ಲಿ ಪಿಸ್ಟನ್‌ಗೂ ಬೋರ್‌ಗೂ ನಡುವಿನ ಸಂದು ಸಾಮಾನ್ಯವಾಗಿ 0.01ರಿಂದ 0.04 ಮಿ.ಮೀ. ತಲೆಗೂದಲಿನ ದಪ್ಪ ಸುಮಾರು 0.07 ಮಿ.ಮೀ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣು ಹೇಳಲಾರದು, ಬೆರಳೂ ಹೇಳಲಾರದು. 'ಬೋರ್ ನುಣುಪಾಗಿದೆ, ರಿಂಗ್ ಮಾತ್ರ ಹಾಕಿದರೆ ಸಾಕು' ಎಂಬ ಮಾತಿನಿಂದ ಕೆಟ್ಟ ಎಂಜಿನ್‌ಗಳೇ ಹೆಚ್ಚು. ಹೊಳೆಯುವ ಬೋರ್ ಸವೆದ ಬೋರ್. ಹೋನ್ ಗೆರೆಗಳು (ಎಣ್ಣೆ ಹಿಡಿದಿಡಲೆಂದು ಕಲ್ಲಿನಿಂದ ಬೋರ್‌ನಲ್ಲಿ ಎಳೆದ ಸಣ್ಣ ಅಡ್ಡಗೆರೆಗಳು) ಅಳಿಸಿಹೋದಾಗಲೇ ಅದು ಕನ್ನಡಿಯಂತಾಗುವುದು.

ಬೋರ್ ಅನ್ನು ಮೇಲೆ, ನಡುವೆ, ಕೆಳಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಪಿನ್‌ನ ದಿಕ್ಕಿಗೆ ಒಮ್ಮೆ, ಅದಕ್ಕೆ ಅಡ್ಡವಾಗಿ ಒಮ್ಮೆ ಅಳೆಯಿರಿ. ಒಟ್ಟು ಆರು ಅಂಕಿ. ಮೇಲೆ-ಕೆಳಗಿನ ವ್ಯತ್ಯಾಸ ಓರೆಯನ್ನೂ, ಅಡ್ಡ-ಉದ್ದದ ವ್ಯತ್ಯಾಸ ಮೊಟ್ಟೆಯಾಕಾರವನ್ನೂ ಹೇಳುತ್ತದೆ. ಪಿಸ್ಟನ್ ಅನ್ನು ಪಿನ್‌ಗೆ ಅಡ್ಡವಾಗಿ, ಸ್ಕರ್ಟ್‌ನ ಕೆಳಭಾಗದಲ್ಲಿ, ಮ್ಯಾನ್ಯುಯಲ್ ಹೇಳಿದ ಎತ್ತರದಲ್ಲೇ ಅಳೆಯಬೇಕು. ಪಿಸ್ಟನ್ ಪೂರ್ತಿ ದುಂಡಗೂ ಇಲ್ಲ, ನೇರವೂ ಇಲ್ಲ, ಬೇರೆ ಕಡೆ ಅಳೆದ ಅಂಕಿಗೆ ಬೆಲೆಯಿಲ್ಲ. ಎರಡೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದು ಒಂದೇ ತಾಪದಲ್ಲಿರಲಿ.

ಬೋರ್ ಗೇಜ್ ಇಲ್ಲದವರಿಗೆ ಒಂದು ದಾರಿಯಿದೆ. ಒಂದು ಕಂಪ್ರೆಶನ್ ರಿಂಗ್ ಅನ್ನು ಬೋರ್‌ನ ಕೆಳತುದಿಯಲ್ಲಿ, ರಿಂಗ್‌ಗಳು ಉಜ್ಜದೆ ಉಳಿದ ಭಾಗದಲ್ಲಿ ನೇರವಾಗಿ ಕೂರಿಸಿ ತುದಿಗಳ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಅದೇ ರಿಂಗ್ ಅನ್ನು ಮೇಲ್ಭಾಗದ ಸವೆದ ಜಾಗದಲ್ಲಿಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬೋರ್ ವ್ಯಾಸ ಎಷ್ಟು ಸವೆದಿದೆ ಎಂಬ ಅಂದಾಜು ಸಿಗುತ್ತದೆ. ಸಂದು 0.31 ಮಿ.ಮೀ. ಹೆಚ್ಚಾಗಿದ್ದರೆ ಸವೆತ ಸುಮಾರು 0.1 ಮಿ.ಮೀ. ಮೊಟ್ಟೆಯಾಕಾರ ಇದರಿಂದ ತಿಳಿಯದು. ಆದರೂ ವರ್ಕ್‌ಶಾಪ್‌ಗೆ ಹೋಗಬೇಕೇ ಬೇಡವೇ ಎಂಬುದು ತೀರ್ಮಾನವಾಗುತ್ತದೆ.

ಮಿತಿ ಮೀರಿದ್ದರೆ ಓವರ್‌ಸೈಜ್. ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಹೆಚ್ಚಿನ ಅಳತೆಯ ಪಿಸ್ಟನ್‌ಗಳು ಬರುತ್ತವೆ. ಮೊದಲು ಪಿಸ್ಟನ್ ಕೊಳ್ಳಿ, ಅದನ್ನೇ ವರ್ಕ್‌ಶಾಪ್‌ಗೆ ಕೊಟ್ಟು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿ, ಎಷ್ಟು ಸಂದು ಬೇಕೆಂದು ಚೀಟಿಯಲ್ಲಿ ಬರೆದುಕೊಡಿ. ಪಿಸ್ಟನ್ ತೋರಿಸದೆ ಬರೀ ಅಂಕಿ ಹೇಳಿ ಬೋರ್ ಮಾಡಿಸುವುದು ತಪ್ಪು. ನಿಮ್ಮ ಸಿಲಿಂಡರ್‌ಗೆ ಕಬ್ಬಿಣದ ಸ್ಲೀವ್ (ಒಳಕೊಳವೆ) ಬದಲು ನಿಕಾಸಿಲ್‌ನಂಥ ಲೇಪ ಇದ್ದರೆ ಬೋರ್ ಮಾಡಿಸುವ ಮಾತೇ ಇಲ್ಲ. ಹೊಸ ಸಿಲಿಂಡರ್ ಹಾಕಬೇಕು ಅಥವಾ ಮರುಲೇಪ ಮಾಡಿಸಬೇಕು.

ಹೆಡ್‌ನ ಮುಖದ ಮೇಲೆ ಉಕ್ಕಿನ ಪಟ್ಟಿಯನ್ನು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ತೂರಿಸಿ ನೋಡಿ. ಹಲವು ಎಂಜಿನ್‌ಗಳಿಗೆ ಮಿತಿ 0.05 ಮಿ.ಮೀ. ಆಸುಪಾಸು.

## 8. ತೊಳೆಯುವುದು

ಬೋರ್ ಮತ್ತು ಹೋನ್ ಮಾಡಿಸಿ ತಂದ ಸಿಲಿಂಡರ್ ಕಣ್ಣಿಗೆ ಶುಭ್ರವಾಗಿ ಕಾಣುತ್ತದೆ. ಅಡ್ಡಗೆರೆಗಳ ಒಳಗೆ ಹೋನ್ ಕಲ್ಲಿನ ಪುಡಿ ತುಂಬಿರುತ್ತದೆ. ಸೀಮೆಎಣ್ಣೆ ಅಥವಾ ಪೆಟ್ರೋಲ್ ಎಣ್ಣೆಯನ್ನು ಕರಗಿಸಿ ಪುಡಿಯನ್ನು ಅಲ್ಲೇ ಬಿಡುತ್ತದೆ. ನಾನು ಒಮ್ಮೆ ಸೀಮೆಎಣ್ಣೆಯಲ್ಲಿ ಮಾತ್ರ ತೊಳೆದು ಜೋಡಿಸಿದೆ. 1,000 ಕಿ.ಮೀ. ಆಗುವ ಮೊದಲೇ ಹೊಗೆ ಬಂತು, ಬಿಚ್ಚಿ ನೋಡಿದರೆ ಹೊಸ ರಿಂಗ್‌ಗಳು ಸವೆದು ಮಂಕಾಗಿದ್ದವು. ಆ ಪುಡಿ ಒಂದು ಹೊಸ ಪಿಸ್ಟನ್ ಅನ್ನೇ ತಿಂದುಹಾಕಿತು.

ಮಾಡಬೇಕಾದ್ದು ಇಷ್ಟು: ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ನೈಲಾನ್ ಬ್ರಷ್. ಮೇಲಿಂದ ಕೆಳಗೆ ಚೆನ್ನಾಗಿ ಉಜ್ಜಿ, ನೀರು ಬದಲಿಸಿ, ಮತ್ತೆ ಉಜ್ಜಿ. ಒರೆಸಿ, ಎಣ್ಣೆ ಹಚ್ಚಿದ ಬಿಳಿ ಬಟ್ಟೆಯನ್ನು ಬೋರ್‌ನಲ್ಲಿ ಒತ್ತಿ ಎಳೆಯಿರಿ. ಬಟ್ಟೆ ಬೂದಾದರೆ ಇನ್ನೂ ಆಗಿಲ್ಲ. ಬಿಳಿಯಾಗಿಯೇ ಬರುವವರೆಗೆ ಮುಂದುವರಿಸಿ, ಐದಾರು ಸಲ ಆಗಬಹುದು. ಆದ ಕೂಡಲೇ ಒಣಗಿಸಿ ಎಂಜಿನ್ ಆಯಿಲ್ ಸವರಿ, ತಡಮಾಡಿದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ಗ್ಯಾಸ್ಕೆಟ್ ಕೂರುವ ಮುಖಗಳನ್ನು ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಯಿಂದ ಕೆರೆಯಿರಿ. ಹಳೆಯ ಎಂಜಿನ್‌ಗಳ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಣದಾಗಿ ತಂತಿ ಬ್ರಷ್‌ನಿಂದ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆದು ತೆಗೆಯಿರಿ.

## 9. ವಾಲ್ವ್ ಕೆಲಸ

ಸ್ಪ್ರಿಂಗ್ ಒತ್ತಿ, ಸ್ಪ್ರಿಂಗ್ ಅನ್ನು ವಾಲ್ವ್‌ಗೆ ಹಿಡಿದಿಡುವ ಎರಡು ಸಣ್ಣ ಕಾಲೆಟ್‌ಗಳನ್ನು ಅಯಸ್ಕಾಂತದಿಂದ ಎತ್ತಿಕೊಳ್ಳಿ. ಕಣ್ಣಿಗೆ ರಕ್ಷಣೆ ಇರಲಿ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಭಾಗಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ.

ವಾಲ್ವ್ ಅನ್ನು ಅರ್ಧ ಹೊರಗೆಳೆದು ಪಕ್ಕಕ್ಕೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಟವಿದ್ದರೆ ಗೈಡ್ ಸವೆದಿರಬಹುದು, ಅಳೆಸಿ ನೋಡಿ. ಸವೆದ ಗೈಡ್‌ನಲ್ಲಿ ಹೊಸ ಸೀಲ್ ಹೆಚ್ಚು ದಿನ ಬಾಳದು. ಸೀಟ್ ಮೇಲೆ ಗುಳಿಗಳು ಕಡಿಮೆಯಿದ್ದರೆ ಸಣ್ಣ ತರಿಯ ಲ್ಯಾಪಿಂಗ್ ಪೇಸ್ಟ್ ಹಚ್ಚಿ, ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ಹಿಂದೆ ಮುಂದೆ ತಿರುಗಿಸಿ. ನಡುನಡುವೆ ಎತ್ತಿ ಜಾಗ ಬದಲಿಸಿ ಕೂರಿಸಿ. ಸುತ್ತಲೂ ಎಲ್ಲೂ ತುಂಡಾಗದ ಬೂದು ಉಂಗುರ ಬಂದರೆ ಸಾಕು. ಅತಿಯಾಗಿ ತಿಕ್ಕಿದರೆ ಸೀಟ್ ಅಗಲವಾಗಿ ಒಳಗಿಳಿಯುತ್ತದೆ. ಪೇಸ್ಟ್‌ನ ಒಂದು ಕಣವೂ ಗೈಡ್ ಒಳಗೆ ಉಳಿಯಬಾರದು.

ಹೊಸ ಸೀಲ್ ಹಾಕಿ, ವಾಲ್ವ್ ಕಾಂಡಕ್ಕೆ ಎಣ್ಣೆ ಸವರಿ ಜೋಡಿಸಿ. ಕಾಲೆಟ್‌ಗೆ ಚೂರು ಗ್ರೀಸ್ ಹಚ್ಚಿದರೆ ಜಾರದೆ ನಿಲ್ಲುತ್ತದೆ. ಕಾಂಡದ ತುದಿಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಎರಡು ಸಲ ಮೆಲ್ಲಗೆ ತಟ್ಟಿ, ಕಾಲೆಟ್ ಸರಿಯಾಗಿ ಕೂರುತ್ತದೆ. ಆಮೇಲೆ ಪೋರ್ಟ್‌ಗಳಿಗೆ ಸೀಮೆಎಣ್ಣೆ ಸುರಿದು ಐದು ನಿಮಿಷ ಕಾಯಿರಿ. ದಹನ ಕೋಣೆಯ ಕಡೆ ತೇವ ಜಿನುಗಿದರೆ ಮತ್ತೆ ಲ್ಯಾಪಿಂಗ್.

## 10. ರಿಂಗ್ ಮತ್ತು ಪಿಸ್ಟನ್ ಜೋಡಣೆ

ಹೊಸ ಪೊಟ್ಟಣದಿಂದ ಬಂದ ರಿಂಗ್ ಅನ್ನೂ ಅಳೆಯಬೇಕು. ಬೋರ್‌ನೊಳಗೆ ಇಟ್ಟು, ಪಿಸ್ಟನ್ ನೆತ್ತಿಯಿಂದ ತಳ್ಳಿ ನೇರ ಮಾಡಿ, ತುದಿಗಳ ಸಂದು ನೋಡಿ. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಬಿಸಿಯಲ್ಲಿ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಗುದ್ದುತ್ತವೆ, ಬೋರ್ ಕೆರೆಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಯವಾದ ಅರದಿಂದ ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ ಮಾತ್ರ ಉಜ್ಜಿ ಸರಿಪಡಿಸಿ.

ಕೆಳಗಿನ ಆಯಿಲ್ ರಿಂಗ್ ಮೊದಲು. ಅದರ ಅಲೆಯಾಕಾರದ ಎಕ್ಸ್‌ಪಾಂಡರ್‌ನ ತುದಿಗಳು ಒಂದಕ್ಕೊಂದು ಎದುರುಬದುರಾಗಿ ತಾಗಿರಬೇಕು, ಒಂದರ ಮೇಲೊಂದು ಹತ್ತಬಾರದು. ಹೊಸ ಎಂಜಿನ್ ಮೊದಲ ದಿನದಿಂದಲೇ ಆಯಿಲ್ ಕುಡಿಯಲು ಈ ಒಂದು ತಪ್ಪು ಸಾಕು. ಕಂಪ್ರೆಶನ್ ರಿಂಗ್‌ಗಳಲ್ಲಿ ಅಕ್ಷರ ಅಥವಾ ಚುಕ್ಕಿ ಇರುವ ಮುಖ ಮೇಲಕ್ಕೆ. ಮೊದಲನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಬೇಡಿ. ಸಂದುಗಳನ್ನು ಸುಮಾರು 120 ಡಿಗ್ರಿ ಅಂತರದಲ್ಲಿ ಹಂಚಿ, ಪಿನ್‌ನ ನೇರಕ್ಕೆ ಬಾರದಂತೆ ನೋಡಿಕೊಳ್ಳಿ.

ಪಿಸ್ಟನ್ ನೆತ್ತಿಯ ಬಾಣದ ಗುರುತು ಸಾಮಾನ್ಯವಾಗಿ ಎಕ್ಸಾಸ್ಟ್ ಕಡೆಗೂ, 'ಇನ್' ಎಂಬ ಗುರುತು ಇನ್‌ಲೆಟ್ ಕಡೆಗೂ ಇರುತ್ತದೆ. ಮ್ಯಾನ್ಯುಯಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಸರ್ಕ್ಲಿಪ್ ಹೊಸದೇ ಆಗಬೇಕು. ಅದರ ತೆರೆದ ಬಾಯಿ ಪಿಸ್ಟನ್‌ನ ಕಚ್ಚಿನ ಎದುರಿಗೆ ಬಾರದಿರಲಿ. ಕೂರಿಸಿದ ಮೇಲೆ ತೋಡಿನಲ್ಲಿ ತಿರುಗಿಸಿ ನೋಡಿ, ಪೂರ್ತಿ ಇಳಿದಿದೆಯೇ ಎಂಬುದು ಕೈಗೆ ತಿಳಿಯುತ್ತದೆ.

ಭಾಗಗಳು ನೇರ ಕೂರಲು ಇರುವ ಡೋವೆಲ್ ಪಿನ್‌ಗಳನ್ನೂ ಓ-ರಿಂಗ್‌ಗಳನ್ನೂ ಕೂರಿಸಿ, ಬುಡದ ಗ್ಯಾಸ್ಕೆಟ್ ಇಡಿ. ಗ್ಯಾಸ್ಕೆಟ್‌ನ ಆಯಿಲ್ ತೂತು ಕೇಸ್‌ನ ತೂತಿಗೆ ಸರಿಹೊಂದಿದೆಯೇ ನೋಡಿ. ಸಿಲಿಕೋನ್ ಅಂಟು ಮ್ಯಾನ್ಯುಯಲ್ ಹೇಳದ ಕಡೆ ಬೇಡ. ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿರುತ್ತದೆ, ಆ ಚೂರು ಕಳಚಿ ಆಯಿಲ್ ದಾರಿಯನ್ನು ಮುಚ್ಚುತ್ತದೆ.

ಪಿಸ್ಟನ್ ಕೆಳಗೆ ಕವಲಿರುವ ಮರದ ತುಂಡಿಟ್ಟರೆ ಅದು ಅಲ್ಲಾಡದೆ ನಿಲ್ಲುತ್ತದೆ. ಬೋರ್‌ಗೂ ರಿಂಗ್‌ಗೂ ಎಣ್ಣೆ ಸವರಿ, ರಿಂಗ್‌ಗಳನ್ನು ಬೆರಳಿಂದ ಒಂದೊಂದಾಗಿ ಒತ್ತುತ್ತಾ ಸಿಲಿಂಡರ್ ಇಳಿಸಿ. ಜೊತೆಗೇ ಚೈನ್ ಅನ್ನು ಅದರ ಸುರಂಗದಲ್ಲಿ ಮೇಲಕ್ಕೆಳೆಯಲು ಇನ್ನೊಂದು ಜೋಡಿ ಕೈ ಬೇಕು. ಎಲ್ಲಾದರೂ ತಡೆದರೆ ಬಲ ಹಾಕದೆ ಮೇಲೆತ್ತಿ ನೋಡಿ, ರಿಂಗ್ ಅಂಚಿಗೆ ಸಿಕ್ಕಿರುತ್ತದೆ.

## 11. ಹೆಡ್, ಟಾರ್ಕ್, ಟೈಮಿಂಗ್

ಹೆಡ್ ಗ್ಯಾಸ್ಕೆಟ್ ಹೊಸದು, ಒಣದು. ನಟ್‌ಗಳನ್ನು ಅಡ್ಡಡ್ಡವಾಗಿ ಎರಡು ಮೂರು ಹಂತಗಳಲ್ಲಿ ಬಿಗಿಯಿರಿ, ಪಕ್ಕದ ಸಣ್ಣ ಬೋಲ್ಟ್‌ಗಳು ಕೊನೆಗೆ. ಮರೆಗೆ (ಸ್ಟಡ್, ಬೋಲ್ಟ್‌ಗಳ ತಿರುಪಿನ ಗೆರೆಗಳಿಗೆ) ಎಣ್ಣೆ ಹಚ್ಚಬೇಕೇ ಬೇಡವೇ ಎಂಬುದನ್ನು ಮ್ಯಾನ್ಯುಯಲ್ ಹೇಳಿದಂತೆಯೇ ಮಾಡಿ. ಎಣ್ಣೆ ಹಚ್ಚಿದ ಮರೆ ಅದೇ ಟಾರ್ಕ್‌ನಲ್ಲಿ ಹೆಚ್ಚು ಬಿಗಿಯುತ್ತದೆ. ಘಟಕವನ್ನೂ ನೋಡಿ: 25 ನ್ಯೂಟನ್ ಮೀಟರ್ ಎಂದಿದ್ದನ್ನು 25 ಅಡಿ-ಪೌಂಡ್ ಎಂದು ಓದಿದರೆ 34 ನ್ಯೂಟನ್ ಮೀಟರ್ ಬೀಳುತ್ತದೆ. ಸ್ಟಡ್ ಅಲ್ಯೂಮಿನಿಯಂನಿಂದ ಕಿತ್ತುಬರಲು ಅಷ್ಟು ಸಾಕಾಗಬಹುದು. ಕಿಲೋಗ್ರಾಂ-ಮೀಟರ್‌ನಲ್ಲಿ ಕೊಟ್ಟಿದ್ದರೆ 9.8ರಿಂದ ಗುಣಿಸಿ.

ಇನ್ನು ಟೈಮಿಂಗ್. ಚೈನ್ ಬಿಗಿಯಾಗಿ ಹಿಡಿದುಕೊಂಡೇ ಕ್ರ್ಯಾಂಕ್ ಅನ್ನು 'ಟಿ' ಗುರುತಿಗೆ ತನ್ನಿ, ಇಲ್ಲವಾದರೆ ಚೈನ್ ಕೆಳಗೆ ಮಡಚಿ ಸಿಕ್ಕಿಕೊಳ್ಳುತ್ತದೆ. ಕ್ಯಾಮ್ ಸ್ಪ್ರಾಕೆಟ್‌ನ ಗುರುತು ಹೆಡ್‌ನ ಗುರುತಿಗೆ ಹೊಂದಬೇಕು. ಟೆನ್ಷನರ್ ಇಲ್ಲದ ಕಡೆ ಚೈನ್ ಸಡಿಲವಿರಬಾರದು, ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಲಿ. ಟೆನ್ಷನರ್ ಅನ್ನು ಒಳಕ್ಕೆ ಸರಿಸಿ ಲಾಕ್ ಮಾಡಿದ ಮೇಲೆಯೇ ಹೆಡ್‌ಗೆ ಅಥವಾ ಸಿಲಿಂಡರ್‌ಗೆ ಬಿಗಿಯಿರಿ, ಆಮೇಲೆ ಬಿಡುಗಡೆ ಮಾಡಿ. ಹೊರಚಾಚಿದ ಟೆನ್ಷನರ್ ಅನ್ನು ಹಾಗೆಯೇ ಬೋಲ್ಟ್‌ನಿಂದ ಒತ್ತಿ ಕೂರಿಸಿದರೆ ಚೈನ್ ತಂತಿಯಂತೆ ಬಿಗಿದು ಕ್ಯಾಮ್ ಬೇರಿಂಗ್ ಹಾಳಾಗುತ್ತದೆ.

ಈಗ ಕೈಯಿಂದ ಕ್ರ್ಯಾಂಕ್ ಅನ್ನು ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಲೋಹ ಲೋಹಕ್ಕೆ ತಾಗಿದಂತೆ ಗಟ್ಟಿಯಾಗಿ ನಿಂತರೆ ಅಲ್ಲೇ ನಿಲ್ಲಿಸಿ, ವಾಲ್ವ್ ಪಿಸ್ಟನ್‌ಗೆ ತಾಗುತ್ತಿದೆ. ಎರಡು ಸುತ್ತಿನ ನಂತರ ಗುರುತುಗಳು ಮತ್ತೆ ಹೊಂದಬೇಕು. ಒಂದು ಹಲ್ಲು ತಪ್ಪಿದ್ದರೂ ಬಿಚ್ಚಿ ಸರಿಪಡಿಸಿ. ಟ್ಯಾಪೆಟ್ ಸಂದನ್ನು ತಣ್ಣಗಿನ ಎಂಜಿನ್‌ನಲ್ಲಿ, ಇದೇ ಟಿಡಿಸಿಯಲ್ಲಿ ಹೊಂದಿಸಿ. ಸದ್ದು ಬರಬಾರದೆಂದು ಬಿಗಿ ಮಾಡುವುದು ದೊಡ್ಡ ತಪ್ಪು. ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಸೀಟ್‌ಗೆ ಪೂರ್ತಿ ತಾಗದೆ, ಬಿಸಿ ಬಿಟ್ಟುಕೊಡಲಾಗದೆ ಸುಟ್ಟುಹೋಗುತ್ತದೆ.

## 12. ಮೊದಲ ಸ್ಟಾರ್ಟ್

ಮ್ಯಾನ್ಯುಯಲ್ ಹೇಳಿದ ದರ್ಜೆಯ ಹೊಸ ಆಯಿಲ್ ತುಂಬಿ. ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್ ಇದ್ದರೆ ಡಬ್ಬಿಯ ಮೇಲೆ ಜಾಸೋ ಎಂಎ (ಅಂಥ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಎಂದಿರಬೇಕು, ಕೆಲವು ಕಾರಿನ ಆಯಿಲ್‌ಗಳಿಂದ ಕ್ಲಚ್ ಜಾರುತ್ತದೆ. ಪ್ಲಗ್ ತೆಗೆದಿಟ್ಟು, ಇಗ್ನಿಷನ್ ಆಫ್ ಇಟ್ಟು, ಟ್ಯಾಪೆಟ್ ಮುಚ್ಚಳ ತೆರೆದು, ರಾಕರ್ ಹತ್ತಿರ ಆಯಿಲ್ ಕಾಣಿಸುವವರೆಗೆ ಕಿಕ್ ಹೊಡೆಯಿರಿ. ಸೆಲ್ಫ್ ಮಾತ್ರ ಇರುವ ಬೈಕ್‌ನಲ್ಲಿ ಒಂದನೇ ಹಂತದಂತೆ ಪ್ಲಗ್ ಅನ್ನು ಲೋಹಕ್ಕೆ ತಾಗಿಸಿಟ್ಟು ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ. ಹೆಡ್‌ಗೆ ಆಯಿಲ್ ಬಾರದೆ ಸ್ಟಾರ್ಟ್ ಮಾಡಬೇಡಿ.

ಬೈಕ್ ಬಯಲಿನಲ್ಲಿರಲಿ. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುವುದು ಗೊತ್ತೇ ಆಗುವುದಿಲ್ಲ. ಮೊದಲ ಕೆಲವು ನಿಮಿಷ ಜೋಡಣೆಯಲ್ಲಿ ಸವರಿದ ಎಣ್ಣೆ ಉರಿದು ಹೊಗೆ ಬರುವುದು ಸಹಜ. ಟಕಟಕ ಸದ್ದು ನಿಲ್ಲದಿದ್ದರೆ, ಬುಡದಿಂದ ಆಯಿಲ್ ಜಿನುಗಿದರೆ, ಆಳದಿಂದ ಗುದ್ದುವ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ನಿಂತಲ್ಲೇ ಐಡಲ್‌ನಲ್ಲಿ ಬಹಳ ಹೊತ್ತು ಓಡಿಸಬೇಡಿ. ಗಾಳಿ ಬೀಸದೆ ಎಂಜಿನ್ ಕಾಯುತ್ತದೆ, ಭಾರವಿಲ್ಲದೆ ರಿಂಗ್ ಕೂರುವುದೂ ಇಲ್ಲ.

## 13. ಮೊದಲ 500 ಕಿ.ಮೀ.

ಎಂಜಿನ್ ಬಿಸಿಯಾದ ಮೇಲೆ ಅರ್ಧ ಥ್ರಾಟಲ್‌ವರೆಗೆ ಎಳೆದು, ಪೂರ್ತಿ ಬಿಟ್ಟು, ಗೇರ್‌ನಲ್ಲೇ ವೇಗ ಇಳಿಯಲು ಬಿಡಿ. ಹೀಗೆ ಹಲವು ಬಾರಿ. ಎಳೆತದಲ್ಲಿ ಅನಿಲದ ಒತ್ತಡ ರಿಂಗ್ ಅನ್ನು ಬೋರ್‌ಗೆ ಒತ್ತುತ್ತದೆ, ಬಿಟ್ಟಾಗ ಆಯಿಲ್ ಮೇಲೆಳೆದು ಸವೆದ ಪುಡಿಯನ್ನು ತೊಳೆಯುತ್ತದೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದು, ಮೇಲಿನ ಗೇರ್‌ನಲ್ಲಿ ಗುದ್ದಾಡಿಸುತ್ತಾ ಏರು ಹತ್ತಿಸುವುದು ಎರಡೂ ಬೇಡ.

ಮೊದಲ 50ರಿಂದ 100 ಕಿ.ಮೀ.ಗೆ ಆಯಿಲ್ ಬದಲಿಸಿ, ಜಾಲರಿ ತೊಳೆಯಿರಿ. 500ಕ್ಕೆ ಮತ್ತೊಮ್ಮೆ. ಆಗಲೇ ತಣ್ಣಗಿನ ಎಂಜಿನ್‌ನಲ್ಲಿ ಟ್ಯಾಪೆಟ್ ಸಂದು ನೋಡಿ, ಹೊಸದಾಗಿ ಲ್ಯಾಪ್ ಮಾಡಿದ ವಾಲ್ವ್ ಸೀಟ್‌ಗೆ ಕೂರುತ್ತಾ ಸಂದು ಕಡಿಮೆಯಾಗಿರುತ್ತದೆ. ಹೆಡ್ ನಟ್ ಮರುಬಿಗಿತವನ್ನು ಮ್ಯಾನ್ಯುಯಲ್ ಹೇಳಿದ್ದರೆ ಮಾತ್ರ ಮಾಡಿ. ಆಯಿಲ್ ಮಟ್ಟ ಇಳಿಯುತ್ತಲೇ ಇದ್ದು ನೀಲಿ ಹೊಗೆ ಮುಂದುವರಿದರೆ ಆಯಿಲ್ ರಿಂಗ್‌ನ ಎಕ್ಸ್‌ಪಾಂಡರ್ ಮತ್ತು ವಾಲ್ವ್ ಸೀಲ್ ಮೇಲೆ ಮೊದಲ ಅನುಮಾನ ಇರಲಿ.

ಕೊನೆಗೆ ಬಿಸಿ ಎಂಜಿನ್‌ನಲ್ಲಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಇನ್ನೊಮ್ಮೆ ಅಳೆಯಿರಿ. ಬಿಚ್ಚುವ ಮುನ್ನ ಬರೆದಿಟ್ಟ ಅಂಕಿಯ ಪಕ್ಕದಲ್ಲೇ ಈ ಅಂಕಿ, ಆರು ಬೋರ್ ಅಳತೆಗಳು, ಪಿಸ್ಟನ್ ಸೈಜ್, ರಿಂಗ್ ಸಂದು ಮತ್ತು ತಾರೀಖನ್ನು ಮ್ಯಾನ್ಯುಯಲ್‌ನ ಒಳಪುಟದಲ್ಲಿ ಬರೆದಿಡಿ. ಮುಂದಿನ ಸಲ ಹೊಗೆ ಕಂಡಾಗ ಮೊದಲು ತೆರೆಯಬೇಕಾದ್ದು ಆ ಪುಟ.